ಮೂರು ಮನೆಯ ನಾಯಿಗೆ ಒಂದೇ ಭಾನುವಾರ

ಚೆನ್ನಾಗಿರುವವರನ್ನು ಆಸ್ಪತ್ರೆಗೆ ಏಕೆ ಕರೆದುಕೊಂಡು ಹೋಗಬೇಕು ಎಂಬುದು ಈ ವಯಸ್ಸಿನವರೆಗೂ ನನಗೆ ಅರ್ಥವಾಗದ ವಿಷಯ. ಆಸ್ಪತ್ರೆ ಎಂದರೆ ನಡೆಯಲಾರದವರು ಹೋಗಿ ಮಲಗುವ ಜಾಗ. ನಡೆಯಬಲ್ಲವರು ಹಣ್ಣು ಹಿಡಿದುಕೊಂಡು ಹೋಗಿ, ಅವರ ಮಂಚದ ತುದಿಯಲ್ಲಿ ಕೂತು, ಆ ಹಣ್ಣನ್ನು ತಾವೇ ತಿಂದು ಬರುವ ಜಾಗ ಎಂದು ತಿಳಿದು ಬೆಳೆದವನು ನಾನು. ನಮ್ಮಪ್ಪ ಬದುಕಿದ್ದಷ್ಟು ದಿನ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದು ಒಂದೇ ಸಲ, ಅದೂ ಪಕ್ಕದ ಮನೆಯವರ ಹೆರಿಗೆಗೆ ಗಾಡಿ ಹೊಡೆದುಕೊಂಡು ಹೋದಾಗ. ರೋಗವಿಲ್ಲದೆ ಡಾಕ್ಟರ ಮುಂದೆ ಹೋಗಿ ನಿಲ್ಲುವುದು ಸುಮ್ಮನಿರಲಾರದವನು ಮೈಮೇಲೆ ಇರುವೆ ಬಿಟ್ಟುಕೊಂಡ ಹಾಗೆ ಎಂಬುದು ನಮ್ಮ ಮನೆತನದ ಸಿದ್ಧಾಂತ. ಮನುಷ್ಯರ ವಿಷಯವೇ ಹೀಗಿರುವಾಗ, ಜೀಪಿನ ಮುಂದೆ ಓಡುತ್ತಾ ಜೀಪನ್ನೇ ಸೋಲಿಸುವ ನಾಯಿಯನ್ನು ಅದೇ ಜೀಪಿನಲ್ಲಿ ಕೂರಿಸಿಕೊಂಡು ದನದ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ನನ್ನಂಥವನ ತಲೆ ಕೆಡದೆ ಇರುತ್ತದೆಯೇ?

ನಾನು ಸಕಲೇಶಪುರದ ಹತ್ತಿರ, ದೋಣಿಗಲ್‌ನಿಂದ ಹೆಗ್ಗದ್ದೆಯ ಕಡೆಗೆ ಹೋಗುವಾಗ ಸಿಗುವ ಒಂದು ಕಾಫಿ ಎಸ್ಟೇಟಿನ ರೈಟರ್. ರೈಟರ್ ಎಂದ ಕೂಡಲೇ ಕಥೆ ಕವಿತೆ ಬರೆಯುವವನು ಎಂದುಕೊಳ್ಳಬೇಡಿ. ಬೆಳಿಗ್ಗೆ ಕೆಲಸಕ್ಕೆ ಬಂದವರ ಹೆಸರು ಕೂಗಿ ಹಾಜರಿ ಬರೆಯುವುದು ನನ್ನ ಸಾಹಿತ್ಯ. ಮೂವತ್ತು ವರ್ಷ ಹಾಜರಿ ಬರೆದಿದ್ದೇನೆ. ಯಾರು ಬಂದರು, ಯಾರು ಬಂದು ಹೋದರು, ಯಾರು ಬಾರದೆಯೇ ಬಂದೆವೆಂದರು ಎಲ್ಲವೂ ನನಗೆ ಗೊತ್ತಾಗುತ್ತದೆ. ಅಂಥ ನನಗೆ ಒಂದು ನಾಯಿಯ ಹಾಜರಿ ಸಿಗಲಿಲ್ಲ ಎನ್ನುವುದೇ ಈ ಬರಹದ ಅವಮಾನ.

ನಾಯಿಯ ಹೆಸರು ರಾಜ. ನಾವು ತಂದದ್ದಲ್ಲ. ನಮ್ಮ ಕಡೆ ನಾಯಿಯನ್ನು ಯಾರೂ ತರುವುದಿಲ್ಲ, ಅದೇ ಬರುತ್ತದೆ. ಒಂದು ಕಾಫಿ ಕುಯ್ಲಿನ ಹೊತ್ತಿಗೆ ಕಣದ ಮೂಲೆಯಲ್ಲಿ ಕೆಂಚು ಬಣ್ಣದ, ಕಪ್ಪು ಮೂತಿಯ ಮರಿಯೊಂದು ಮಲಗಿತ್ತು. ಎರಡು ದಿನ ಯಾರದೋ ಇರಬಹುದೆಂದು ಬಿಟ್ಟೆವು, ಮೂರನೆಯ ದಿನ ನಮ್ಮದೆಂದುಕೊಂಡೆವು. ಘಟ್ಟದ ಈ ಭಾಗದಲ್ಲಿ ನೂರು ನಾಯಿ ನಿಲ್ಲಿಸಿದರೆ ತೊಂಬತ್ತು ಕೆಂಚು ಬಣ್ಣಕ್ಕೆ ಕಪ್ಪು ಮೂತಿಯವೇ. ಇದನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ನನ್ನ ಪರವಾಗಿ ಹೇಳಲು ಇದೊಂದೇ ಇರುವುದು.

ಒಂದು ದಿನ ನನ್ನ ಹೆಂಡತಿ ಜಯಮ್ಮ ಫೋನಿನಲ್ಲಿ ಏನನ್ನೋ ನೋಡುತ್ತಿದ್ದವಳು, "ರೀ, ನಾಯಿನ ವರ್ಷಕ್ಕೊಂದು ಸಲ ಡಾಕ್ಟ್ರಿಗೆ ತೋರಿಸ್ಬೇಕಂತೆ" ಎಂದಳು.

"ಅದಕ್ಕೇನಾಗೈತೆ?"

"ಏನೂ ಆಗಿಲ್ಲ. ಅದಕ್ಕೇ ತೋರಿಸ್ಬೇಕು ಕಣ್ರೀ."

ಈ ವಾಕ್ಯವನ್ನು ನಾನು ಎರಡು ದಿನ ತಿರುಗಿಸಿ ತಿರುಗಿಸಿ ನೋಡಿದೆ, ತಲೆ ಯಾವುದು ಬಾಲ ಯಾವುದು ತಿಳಿಯಲಿಲ್ಲ. ಜಯಮ್ಮ ಆಲೂರಿನ ಮಗ್ಗೆ ಕಡೆಯವಳು. ಅವಳ ತವರಿನಲ್ಲಿ ಎತ್ತಿಗೆ ಕೆಮ್ಮು ಬಂದರೂ ಡಾಕ್ಟರು ಮನೆಗೆ ಬರುತ್ತಿದ್ದರಂತೆ. ನಾಯಿ ಮಾತ್ರ ಡಾಕ್ಟರನ್ನು ಕಂಡು ಬೊಗಳುವುದಕ್ಕೇ ಇತ್ತು. ಆದರೆ ಒಂದು ವರ್ಷದಿಂದ ಅವಳಿಗೆ ತಪಾಸಣೆಯ ಮೇಲೆ ಭಕ್ತಿ ಬಂದುಬಿಟ್ಟಿದೆ. ಕಾರಣ ನಾನೇ. ಹೋದ ವರ್ಷ ಯಾವುದೋ ಶಿಬಿರದಲ್ಲಿ ಬಿಟ್ಟಿಯಾಗಿ ರಕ್ತ ನೋಡುತ್ತಾರೆಂದು ಬೆರಳು ಚಾಚಿ, ಸಕ್ಕರೆ ಕಾಯಿಲೆ ಅಂಟಿಸಿಕೊಂಡು ಬಂದೆ. ಚಾಚುವುದಕ್ಕೆ ಮುಂಚೆ ನಾನು ಆರೋಗ್ಯವಂತ. ಅವತ್ತಿನಿಂದ ನಮ್ಮ ಮನೆಯಲ್ಲಿ ನನಗೆ ಸಕ್ಕರೆ ಇಲ್ಲದ ಕಾಫಿ. ಪಾಪ, ಅವಳು ಅಷ್ಟು ಕಟ್ಟುನಿಟ್ಟು ಮಾಡಿದರೂ ನನ್ನ ಸಕ್ಕರೆ ಮಾತ್ರ ಇಳಿಯಲೊಲ್ಲದು. ಇದು ಡಾಕ್ಟರಿಗೂ ಅವಳಿಗೂ ಬಗೆಹರಿಯದ ಒಗಟಾಗಿತ್ತು.

ನನಗೆ ಅದು ಒಗಟಾಗಿರಲಿಲ್ಲ. ಈಗ ಮುಚ್ಚಿಟ್ಟು ಪ್ರಯೋಜನವಿಲ್ಲ, ಹೇಳಿಬಿಡುತ್ತೇನೆ. ಹಾಜರಿ ಮುಗಿಸಿ, ಮೇಲಿನ ಗೇಟಿನ ಬೀಗ ನೋಡಿ ಬರುತ್ತೇನೆಂದು ಹೋಗುವ ನಾನು, ಗೇಟಿನಾಚೆಯ ಲಿಲ್ಲಿ ಬಾಯಿಯವರ ಜಗಲಿಯಲ್ಲಿ ಕೂರುತ್ತಿದ್ದೆ. ಅವರು ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು, ಅವರ ಯಜಮಾನರದು ಮೆಣಸಿನ ವ್ಯಾಪಾರ, ಹಿರಿಯರು ಮಂಗಳೂರು ಕಡೆಯಿಂದ ಬಂದವರು. ಅವರ ಕೈಯ ಬಾಳೆಹಣ್ಣಿನ ಕೇಕನ್ನು ಬೇಡವೆನ್ನಲು ಬಾಯಿ ಬರುವುದಿಲ್ಲ. ಅಲ್ಲಿಂದ ಹತ್ತು ಗಂಟೆಗೆ ಲೈನಿಗೆ ಇಳಿಯುತ್ತಿದ್ದೆ. ಲೈನೆಂದರೆ ನಮ್ಮ ಕೆಲಸದವರ ಸಾಲುಮನೆಗಳು. ಬಾರದವರು ಏಕೆ ಬರಲಿಲ್ಲವೆಂದು ವಿಚಾರಿಸುವುದು ರೈಟರನ ಧರ್ಮ. ಅಲ್ಲಿ ಪುಟ್ಟಮ್ಮ ಎಂಬಾಕೆ, ಮೊಣಕಾಲು ನೋವೆಂದು ಕೆಲಸ ಬಿಟ್ಟು ಮನೆಯಲ್ಲಿರುವವಳು, ಬೆಲ್ಲದ ಕಾಫಿ ಕೊಡುತ್ತಿದ್ದಳು, ಒಮ್ಮೊಮ್ಮೆ ಕಜ್ಜಾಯ. ಡಾಕ್ಟರು ಬಿಡಲು ಹೇಳಿದ್ದು ಸಕ್ಕರೆಯನ್ನು. ಬೆಲ್ಲದ ಮಾತನ್ನೇ ಅವರು ಎತ್ತಿರಲಿಲ್ಲ.

ಈಗ ಗೊಂದಲದ ವಿಷಯಕ್ಕೆ ಬರುತ್ತೇನೆ. ಲಿಲ್ಲಿ ಬಾಯಿಯವರ ಜಗಲಿಯಲ್ಲಿ ಒಂದು ನಾಯಿ ಇತ್ತು. ಕೆಂಚು ಬಣ್ಣ, ಕಪ್ಪು ಮೂತಿ, ಹೆಸರು ಬ್ರೂನೋ. ಮೊದಲ ದಿನ ಅದನ್ನು ಕಂಡು ನನ್ನ ಎದೆ ಧಸಕ್ಕೆಂದಿತು. ಆದರೆ ಬ್ರೂನೋ ಮುಂಗಾಲು ಒಂದರ ಮೇಲೊಂದು ಇಟ್ಟುಕೊಂಡು ಗಂಭೀರವಾಗಿ ಕೂತಿತ್ತು, ಕೊಂಕಣಿಯಲ್ಲಿ ಹೇಳಿದರೆ ಎದ್ದು ಒಳಗೆ ಹೋಗುತ್ತಿತ್ತು. ನಮ್ಮ ರಾಜನಿಗೆ ಕನ್ನಡವೇ ಅರ್ಥವಾಗುವುದಿಲ್ಲ. ಮನೆಗೆ ಯಾರು ಬಂದರೂ ಎದೆಗೇ ಹಾರುತ್ತದೆ. ಅಲ್ಲದೆ ಬ್ರೂನೋ ನನ್ನನ್ನು ನೋಡಿ ಬಾಲವನ್ನೂ ಆಡಿಸಲಿಲ್ಲ, ಮುಖ ತಿರುಗಿಸಿಕೊಂಡಿತು. ನಾನೂ ತಿರುಗಿಸಿಕೊಂಡೆ. ಹತ್ತು ಗಂಟೆಗೆ ಪುಟ್ಟಮ್ಮನ ಅಂಗಳದಲ್ಲಿ ಇನ್ನೊಂದು ಕೆಂಚು ನಾಯಿ ಬೆನ್ನ ಮೇಲೆ ಕೋಳಿಮರಿ ಹತ್ತಿಸಿಕೊಂಡು ಮಲಗಿರುತ್ತಿತ್ತು. ಅದಕ್ಕೆ ಕೆಂಚ ಎಂದು ಹೆಸರು. ರಾಜನಾಗಿದ್ದರೆ ಆ ಮರಿಗಳು ಬದುಕಿರುತ್ತಿದ್ದವೇ? ಕೆಂಚನೂ ನನ್ನ ಕಡೆ ಅರೆಗಣ್ಣು ತೆರೆದು ನೋಡಿ ಮತ್ತೆ ಮುಚ್ಚುತ್ತಿತ್ತು. ಇವು ಮೂರೂ ಒಂದೇ ಇರಬಹುದೇ ಎಂಬ ಅನುಮಾನ ಬರುತ್ತಿತ್ತು, ಬಂದ ಕೂಡಲೇ ಕಾಫಿ ಬರುತ್ತಿತ್ತು. ಮನೆಗೆ ಬಂದು ಜಯಮ್ಮನನ್ನು ಕೇಳೋಣವೆಂದರೆ, ನಾಯಿ ಅಲ್ಲಿತ್ತು ಎಂದರೆ ನಾನೂ ಅಲ್ಲಿದ್ದೆ ಎಂದಾಗುತ್ತದಲ್ಲ. ಹೀಗಾಗಿ ಬೇರೆ ಬೇರೆ ನಾಯಿಗಳೇ ಇರಬೇಕೆಂದು ತೀರ್ಮಾನಿಸಿದೆ. ಕೆಲವು ದಿನ ನಂಬಿದೆ ಕೂಡ.

ಕೊನೆಗೆ ಒಂದು ಬೆಳಿಗ್ಗೆ ರಾಜನನ್ನು ಸಕಲೇಶಪುರದ ದನದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ನಮ್ಮ ಮುಂದೆ ಜ್ವರದ ಕರು, ಕೊಂಬು ಮುರಿದ ಹೋತ, ಮುಳ್ಳುಹಂದಿಯ ತಂಟೆಗೆ ಹೋಗಿ ಮುಖವೆಲ್ಲ ಮುಳ್ಳಾದ ಬೇಟೆನಾಯಿ. ಎಲ್ಲರೂ "ನಿಮ್ದಕ್ಕೆ ಏನಾಗೈತೆ?" ಎಂದು ಕೇಳುತ್ತಿದ್ದರು. ಏನೂ ಇಲ್ಲವೆಂದು ಹೇಳಲು ನಾಚಿಕೆಯಾಗಿ, "ಸ್ವಲ್ಪ ಸುಸ್ತು" ಎಂದೆ. ಸುಸ್ತಿನ ನಾಯಿ ಆಗಲೇ ಹೋತದ ಜೊತೆ ಜಗಳಕ್ಕೆ ಬಿದ್ದಿತ್ತು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅದರ ಒಸಡು ನೋಡಿದರು, ಕಿವಿ ಮಗುಚಿದರು, ಹೊಟ್ಟೆ ಒತ್ತಿದರು. ಹುಚ್ಚುನಾಯಿ ರೋಗಕ್ಕೆ ಸೂಜಿ ಹಾಕಿ, ಜಂತುಹುಳಕ್ಕೆ ಗುಳಿಗೆ ಕೊಟ್ಟರು. "ಎಷ್ಟು ವರ್ಷದ್ದು?" ಎಂದರೆ, ಹೋದ ಕುಯ್ಲಿನ ಹಿಂದಿನ ಕುಯ್ಲಿಗೆ ಬಂದದ್ದೆಂದೆ. ತೂಕದ ಯಂತ್ರದ ಮೇಲೆ ನಿಲ್ಲಿಸಿ, "ಇಪ್ಪತ್ತೊಂಬತ್ತು ಕೆಜಿ! ನಾಟಿ ನಾಯಿ ಇಷ್ಟು ತೂಗಬಾರದು. ಏನು ಹಾಕ್ತೀರ ಇದಕ್ಕೆ?" ಎಂದರು.

"ಮಧ್ಯಾಹ್ನ ಒಂದಿಷ್ಟು ಅನ್ನ, ರಾತ್ರಿ ಒಂದು ಮುದ್ದೆ. ದೇವರಾಣೆ ಅಷ್ಟೇ ಮೇಡಂ" ಎಂದಳು ಜಯಮ್ಮ.

"ಬೇರೆ ಎಲ್ಲಾದ್ರೂ ತಿನ್ನುತ್ತಾ?"

ಜಯಮ್ಮ ನನ್ನ ಮುಖ ನೋಡಿದಳು. ನಾನು ನಾಯಿಯ ಮುಖ ನೋಡಿದೆ. ನಾಯಿ ಕಿಟಕಿ ನೋಡಿತು. "ಎಲ್ಲೂ ಇಲ್ಲ" ಎಂದೆ ನಾನು. ಡಾಕ್ಟರು ನಿಟ್ಟುಸಿರು ಬಿಟ್ಟು, ಊಟ ಅರ್ಧ ಮಾಡಿ ಎಂದರು. ಕಿವಿಯ ಹಿಂದೆ ರಕ್ತ ಕುಡಿದು ಊದಿದ್ದ ಉಣ್ಣೆಗಳನ್ನು ತೋರಿಸಿ ಒಂದು ಸಣ್ಣ ಬಾಟಲಿ ಕೊಟ್ಟರು. ಒಂದು ಬಕೆಟ್ ನೀರಿಗೆ ಒಂದೇ ಮುಚ್ಚಳ, ಮೈಗೆ ಸುರಿದು ಹಾಗೇ ಒಣಗಲು ಬಿಡಬೇಕು, ಹದಿನೈದು ದಿನಕ್ಕೊಂದೇ ಸಲ. ಜಾಸ್ತಿಯಾದರೆ ವಿಷ ಎಂದು ಎರಡೆರಡು ಬಾರಿ ಹೇಳಿದರು. ಎಸ್ಟೇಟಿನ ಸ್ಟೋರಿನ ಬೆಕ್ಕಿಗೂ ಸೂಜಿ ಹಾಕಿಸಬೇಕೆಂದು ಅವರು ಹೇಳಿದ್ದರಿಂದ ಮರುವಾರ ಅದನ್ನು ಗೋಣಿಚೀಲದಲ್ಲಿ ತುಂಬಿಕೊಂಡು ಹೋದೆ. ಚೀಲ ಬಿಚ್ಚಿದ ಮೇಲೆ ಅದು ಬೀರುವಿನ ನೆತ್ತಿಗೆ ಹಾರಿ ಕೂತಿತು. ಡಾಕ್ಟರು ಸ್ಟೂಲು ಹತ್ತಿ ಅಲ್ಲೇ ಸೂಜಿ ಹಾಕಿದರು. ಆವತ್ತಿನಿಂದ ಆ ಬೆಕ್ಕು ಗೋಣಿಚೀಲ ಕಂಡರೆ ಸ್ಟೋರಿನಿಂದ ಓಡುತ್ತದೆ. ಕಾಫಿ ಸ್ಟೋರಿನಲ್ಲಿ ಗೋಣಿಚೀಲ ಬಿಟ್ಟು ಇನ್ನೇನಿರುತ್ತದೆ? ಇಲಿಗಳು ಸುಖವಾಗಿವೆ.

ಆದರೆ ಡಾಕ್ಟರ ಮಾತು ನನ್ನ ಮೇಲೆ ಪರಿಣಾಮ ಮಾಡಿತು. ಹೊಸದಾಗಿ ಕಲಿತವನ ಬಾಯಿ ಸುಮ್ಮನಿರುವುದಿಲ್ಲ. ರಾಜನನ್ನು ತೋರಿಸಿ ಬಂದ ಮರುದಿನವೇ ಲಿಲ್ಲಿ ಬಾಯಿಯವರ ಜಗಲಿಯಲ್ಲಿ ಕೇಕು ಮುರಿಯುತ್ತಾ ಮುಂಜಾಗ್ರತೆಯ ಮಹತ್ವವನ್ನು ಉಪದೇಶಿಸಿದೆ. ಅವರು ಕೈಮುಗಿಯುವುದೊಂದು ಬಾಕಿ. "ನಮ್ಮ ಬ್ರೂನೋವಿಗೂ ಉಣ್ಣೆ ಉಂಟು ಮಾರಾಯ್ರೆ, ಒಂದು ಬಾಟಲಿ ನಮಗೂ ತನ್ನಿ" ಎಂದರು. ಲೈನಿನಲ್ಲೂ ಅದೇ ಉಪದೇಶ, ಅದೇ ಫಲ. ಪೇಟೆಗೆ ಹೋದಾಗ ಎರಡು ಬಾಟಲಿ ತಂದುಕೊಟ್ಟು, ಒಂದು ಮುಚ್ಚಳ, ಒಂದು ಬಕೆಟ್ ಎಂದು ಇಬ್ಬರಿಗೂ ಬಾಯಿಪಾಠ ಮಾಡಿಸಿದೆ. ಯಾವಾಗ ಹಾಕಬೇಕೆಂದು ಕೇಳಿದರು. "ಭಾನುವಾರ" ಎಂದೆ. ಇನ್ನಾವ ದಿನ ಹೇಳಲಿ? ಎಸ್ಟೇಟಿನಲ್ಲಿ ಭಾನುವಾರ ರಜ. ಎಣ್ಣೆಸ್ನಾನ, ಬಟ್ಟೆ ಒಗೆಯುವುದು, ಹಾಸಿಗೆ ಬಿಸಿಲಿಗೆ ಹಾಕುವುದು ಎಲ್ಲಕ್ಕೂ ಭಾನುವಾರವೇ. ಮನೆಯಲ್ಲಿ ಜಯಮ್ಮನಿಗೂ ಭಾನುವಾರವೆಂದೇ ಹೇಳಿದ್ದೆ.

ಆ ಭಾನುವಾರ ಮಧ್ಯಾಹ್ನ ರಾಜ ಒದ್ದೆ ಮೈಯಲ್ಲಿ ಅಂಗಳಕ್ಕೆ ಬಂತು. ಮಳೆ ಬಂದಿರಲಿಲ್ಲ. ಎಲ್ಲೋ ತೊಟ್ಟಿಗೆ ಬಿದ್ದಿರಬೇಕೆಂದುಕೊಂಡೆ. ಸಂಜೆ ಬಕೆಟ್ಟಿಗೆ ಒಂದು ಮುಚ್ಚಳ ಹಾಕುವ ಮೊದಲೇ ಅದರ ಮೈಯಿಂದ ಔಷಧದ ವಾಸನೆ ಬರುತ್ತಿತ್ತು. ಬಾಟಲಿಯ ವಾಸನೆ ನನ್ನ ಮೂಗಿನಲ್ಲೇ ಉಳಿದಿರಬೇಕು ಎಂದುಕೊಂಡೆ. ಮನಸ್ಸಿನ ಮೂಲೆಯಲ್ಲಿ ಏನೋ ಚುಚ್ಚಿತು. ಚುಚ್ಚಿದ್ದನ್ನು ಬದಿಗೆ ಸರಿಸಿ, ಬಕೆಟ್ಟಿನ ನೀರನ್ನು ಅದರ ಮೇಲೆ ಸುರಿದೆ.

ಸೋಮವಾರ ಬೆಳಿಗ್ಗೆ ರಾಜ ಏಳಲಿಲ್ಲ. ಕಣ್ಣು ಅರ್ಧ ಮುಚ್ಚಿತ್ತು. ಹೆಸರು ಕರೆದರೆ ತಲೆ ಎತ್ತಲು ನೋಡಿ ಎತ್ತಲಾರದೆ ಬಿಟ್ಟಿತು, ನಿಲ್ಲಿಸಿದರೆ ಕಾಲು ಸೊಟ್ಟಗಾಗಿ ಕುಸಿಯಿತು. ಹಾಜರಿ ಪುಸ್ತಕವನ್ನು ಹಾಗೇ ಬಿಟ್ಟು ಅದನ್ನು ಕಂಬಳಿಯಲ್ಲಿ ಸುತ್ತಿ ಜೀಪಿಗೆ ಹಾಕಿಕೊಂಡು ಹೋದೆವು. ದಾರಿಯುದ್ದಕ್ಕೂ ಜಯಮ್ಮ ಅಳುತ್ತಲೇ ನನ್ನನ್ನು ಬೈದಳು. "ನೀವೇ ಕಣ್ರೀ ಜಾಸ್ತಿ ಸುರ್ದಿರೋದು. ಒಂದು ಮುಚ್ಚಳನೋ, ಎರಡೋ, ನೆನಪೈತಾ ನಿಮ್ಗೆ?" ಒಂದೇ ಎಂದೆ. ಅವಳು ಮೂರನೆಯ ಸಲ ಕೇಳುವಷ್ಟರಲ್ಲಿ ನನಗೂ ಎರಡಿರಬಹುದೇ ಎನ್ನಿಸತೊಡಗಿತು.

ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿದರು, ಮುಖ ಗಂಟಿಕ್ಕಿತು. "ಎದೆಬಡಿತ ತೀರಾ ನಿಧಾನ ಆಗಿದೆ. ಏನೋ ವಿಷ ಹೋಗಿದೆ. ತೋಟದಲ್ಲಿ ಔಷಧಿ ಹೊಡೆದಿದ್ರಾ? ಇಲಿ ಪಾಷಾಣ ಇಟ್ಟಿದ್ರಾ? ಅದಕ್ಕೊಂದು ಚಿಕಿತ್ಸೆ, ಇದಕ್ಕೊಂದು. ಯಾವುದು ಅಂತ ಗೊತ್ತಾಗದೆ ನಾನು ಕಣ್ಣು ಮುಚ್ಕೊಂಡು ಸೂಜಿ ಹಾಕಕ್ಕಾಗಲ್ಲ. ಉಣ್ಣೆ ಔಷಧಿ ಒಂದೇ ಸಲ ತಾನೇ ಹಾಕಿದ್ದು?"

"ಒಂದೇ ಸಲ" ಎಂದಳು ಜಯಮ್ಮ.

ಮೇಜಿನ ಮೇಲೆ ರಾಜ ಮಲಗಿತ್ತು. ಅದರ ನಾಲಿಗೆ ಒಂದು ಕಡೆಗೆ ಜಾರಿತ್ತು. ಮುಂಗಾಲು ಮಾತ್ರ ಒಂದರ ಮೇಲೊಂದು ಇತ್ತು, ಲಿಲ್ಲಿ ಬಾಯಿಯವರ ಜಗಲಿಯಲ್ಲಿದ್ದ ಹಾಗೆಯೇ. ಮೂವತ್ತು ವರ್ಷ ಬೇರೆಯವರ ಸುಳ್ಳು ಹಿಡಿದ ನನ್ನನ್ನು ಅಲ್ಲಿ ನನ್ನ ಸುಳ್ಳೇ ಹಿಡಿದುಹಾಕಿತು. ಭಯವಾಯಿತು. ಹೆಂಡತಿಯ ಭಯವೇ ಎಂದು ಕೇಳಿದರೆ, ಅದೂ ಇತ್ತು. ಆದರೆ ರಾಜ ನನ್ನೆದುರು ಸತ್ತುಹೋದರೆ ಎಂಬ ಭಯ ಅದಕ್ಕಿಂತ ದೊಡ್ಡದಾಗಿತ್ತು.

"ಮೂರು ಸಲ ಮೇಡಂ" ಎಂದೆ. "ಇದು ಬೆಳಿಗ್ಗೆ ಲಿಲ್ಲಿ ಬಾಯಿಯವರ ಮನೆಗೆ ಹೋಗುತ್ತೆ, ಹತ್ತು ಗಂಟೆಗೆ ಲೈನಿನ ಪುಟ್ಟಮ್ಮನ ಮನೆಗೆ. ನಿನ್ನೆ ಮೂರು ಮನೆಯವರೂ ಸ್ನಾನ ಮಾಡಿಸಿದ್ದೀವಿ. ಔಷಧಿ ತಂದುಕೊಟ್ಟಿದ್ದೂ ನಾನೇ, ಭಾನುವಾರ ಅಂತ ಹೇಳಿದ್ದೂ ನಾನೇ."

ಡಾಕ್ಟರು ಕೂಡಲೇ ಸೂಜಿಗೆ ಔಷಧ ತುಂಬಿಸತೊಡಗಿದರು. ಆಮೇಲೆ ಜಯಮ್ಮ ಮೆಲ್ಲಗೆ, ತೀರ ಮೆಲ್ಲಗೆ ಕೇಳಿದಳು, "ನಿಮ್ಗೆ ಹೆಂಗೆ ಗೊತ್ತು?"

ಅಷ್ಟರಲ್ಲಿ ಡಾಕ್ಟರು, ನಿಜವೋ ಸುಳ್ಳೋ ಫೋನು ಮಾಡಿ ಕೇಳಿ ಎಂದರು. ಜಯಮ್ಮ ಎಲ್ಲರಿಗೂ ಕೇಳುವ ಹಾಗೆ ಫೋನನ್ನು ಜೋರು ಮಾಡಿ ಹಿಡಿದಳು. ಲಿಲ್ಲಿ ಬಾಯಿಯವರ ಪಾಠ ಹೇಳುವ ದನಿ ಆಸ್ಪತ್ರೆಯ ತುಂಬ ಮೊಳಗಿತು: "ಹೌದು ಮಾರಾಯ್ತಿ, ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದವಳೇ ಮೊದಲು ಬ್ರೂನೋವಿಗೆ ಸ್ನಾನ ಮಾಡಿಸಿದ್ದು. ರೈಟರು ಹೇಳಿದ ಹಾಗೆಯೇ, ಒಂದೇ ಮುಚ್ಚಳ. ಈಗ ಬೆಳಗ್ಗಿನಿಂದ ಅವನೂ ಕಾಣುವುದಿಲ್ಲ, ನಿಮ್ಮ ರೈಟರೂ ಕಾಫಿಗೆ ಬರಲಿಲ್ಲ. ಇಬ್ಬರಿಗೂ ಕೇಕು ಕೊಯ್ದು ಇಟ್ಟಿದ್ದೇನೆ, ಹುಷಾರಿದ್ದಾರಲ್ಲ?"

ಮುಳ್ಳುಹಂದಿಯ ಮುಳ್ಳು ತೆಗೆಸಿಕೊಂಡಿದ್ದ ಆ ಬೇಟೆನಾಯಿಯ ಮುಖ ನೆನಪಾಯಿತು. ಜಯಮ್ಮ ಫೋನು ಇಟ್ಟು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಡಾಕ್ಟರು ಹೇಳಿದಂತೆ ಇಬ್ಬರೂ ಸೇರಿ ರಾಜನಿಗೆ ಸೋಪು ಹಚ್ಚಿ ಔಷಧವೆಲ್ಲ ಹೋಗುವ ಹಾಗೆ ತೊಳೆದೆವು. ಆಮೇಲೆ ಅದರ ಕಾಲಿಗೆ ಡ್ರಿಪ್ ಏರಿಸಿದರು. ಮಧ್ಯಾಹ್ನದ ಹೊತ್ತಿಗೆ ಲಿಲ್ಲಿ ಬಾಯಿಯವರು ಆಟೋದಲ್ಲಿ ಪುಟ್ಟಮ್ಮನನ್ನೂ ಕೂರಿಸಿಕೊಂಡು ಬಂದಿಳಿದರು. ಮೂವರು ಹೆಂಗಸರೂ ಮೇಜಿನ ಸುತ್ತ ನಿಂತು "ರಾಜ", "ಬ್ರೂನೋ", "ಕೆಂಚ, ನಮ್ಮಪ್ಪ, ಏಳೋ" ಎಂದು ಕರೆಯುತ್ತಿದ್ದರು. ಸುಮಾರು ಹೊತ್ತಿನ ಮೇಲೆ ಅದರ ಬಾಲದ ತುದಿ ಒಂದು ಸಲ ಆಡಿತು. ಯಾವ ಹೆಸರಿಗೆ ಆಡಿತೆಂದು ಮೂವರಿಗೂ ಇಂದಿಗೂ ಒಮ್ಮತವಿಲ್ಲ. ಹಿಂದೊಮ್ಮೆ ಜಯಮ್ಮ ರಾಜನಿಗೆಂದು ಕೊಂಡಿದ್ದ ಕೊರಳಪಟ್ಟಿ ಎರಡೇ ದಿನದಲ್ಲಿ ಕಳೆದುಹೋದದ್ದು ಹೇಗೆಂಬುದೂ ಅಲ್ಲೇ ತಿಳಿಯಿತು. "ಉಸ್ರು ಕಟ್ತದೆ ಅಂತ ನಾನೇ ಬಿಚ್ಚಿ ಗೂಟಕ್ಕೆ ನೇತಾಕಿದ್ದೆ ಕಣವ್ವ" ಎಂದಳು ಪುಟ್ಟಮ್ಮ.

ಸಂಜೆ ಅದು ಎದ್ದು ನಿಂತು ನೀರು ಕುಡಿಯಿತು. ಡಾಕ್ಟರು ಅದರ ಕಾರ್ಡನ್ನು ತೆಗೆದು, ಹೆಸರಿನ ಜಾಗದಲ್ಲಿ ಪೊಲೀಸರು ಕಳ್ಳನ ಹೆಸರು ಬರೆಯುವ ಹಾಗೆ "ರಾಜ ಅಲಿಯಾಸ್ ಬ್ರೂನೋ ಅಲಿಯಾಸ್ ಕೆಂಚ" ಎಂದು ಬರೆದರು. ಊಟ ಎಷ್ಟು ಮನೆಯಲ್ಲಾದರೂ ಮಾಡಲಿ, ಔಷಧ ಒಂದೇ ಮನೆಯಲ್ಲಿ ಎಂದು ಕಟ್ಟಪ್ಪಣೆ ಮಾಡಿದರು. "ಊಟಾನೂ ಬೇಡ ಮೇಡಂ" ಎಂದಳು ಜಯಮ್ಮ. ಅವಳು ನೋಡುತ್ತಿದ್ದದ್ದು ನಾಯಿಯನ್ನಲ್ಲ. ಅಲ್ಲಿಂದ ಜೀಪು ನೇರವಾಗಿ ಮನುಷ್ಯರ ಆಸ್ಪತ್ರೆಗೆ ಹೋಯಿತು. ನಾನು ಬೆರಳು ಚಾಚಿದೆ. ನಾಯಿ ಜೀಪಿನಲ್ಲಿ ಕೂತು ಕಾದಿತ್ತು.

ಈಗ ನಮ್ಮ ಗೋಡೆಯ ಮೊಳೆಗೆ ಎರಡು ಕಾರ್ಡು ನೇತುಬಿದ್ದಿವೆ. ಕೊರಳಪಟ್ಟಿ ವಾಪಸು ಬಂದಿದೆ, ಅದಕ್ಕೊಂದು ತಗಡಿನ ಬಿಲ್ಲೆ, ಬಿಲ್ಲೆಯ ಮೇಲೆ ಜಯಮ್ಮನ ಫೋನ್ ನಂಬರು. ಲಿಲ್ಲಿ ಬಾಯಿಯವರ ಜಗಲಿಯಲ್ಲಿ ನನಗೆ ಸಪ್ಪೆ ಕಾಫಿ, ನಾಯಿಗೆ ಬರೀ ಕೊಂಕಣಿ. ಪುಟ್ಟಮ್ಮ ನಮ್ಮಿಬ್ಬರನ್ನೂ ಕಂಡರೆ ಒಲೆಯ ಕಡೆಯಿಂದ "ಏನೂ ಇಲ್ಲ ರೈಟ್ರೇ" ಎಂದು ಕೂಗಿಬಿಡುತ್ತಾಳೆ.

ಹದಿನೈದು ದಿನ ಹೀಗೆ ಬದುಕಿದೆ. ಹದಿನಾರನೆಯ ದಿನ ಕಾಲು ತಾನಾಗಿ ದೋಣಿಗಲ್ ಕಡೆಯ ಹೆದ್ದಾರಿಗೆ ಇಳಿಯಿತು. ಲಾರಿಯವರು ನಿಲ್ಲುವ ಒಂದು ಸಣ್ಣ ಹೋಟೆಲು, ನನ್ನ ಗುರುತು ಯಾರಿಗೂ ಇಲ್ಲದ ಜಾಗ. ಒಂದು ಸ್ಟ್ರಾಂಗ್ ಕಾಫಿ, ಸಕ್ಕರೆ ಮುಂದಾಗಿ, ಎಂದು ಹೇಳಿ ಬೆಂಚಿನ ಮೇಲೆ ಕೂತೆ. ಬೆಂಚಿನ ಕೆಳಗೆ ಏನೋ ಅಲುಗಿತು. ಬಗ್ಗಿ ನೋಡಿದರೆ ಕೆಂಚು ಬಣ್ಣ, ಕಪ್ಪು ಮೂತಿ. ಅದು ನನ್ನನ್ನು ನೋಡಿತು, ಮುಖ ತಿರುಗಿಸಿಕೊಂಡಿತು. ನಾನೂ ಹಳೆಯ ಅಭ್ಯಾಸದಂತೆ ತಿರುಗಿಸಿಕೊಳ್ಳುವವನಿದ್ದೆ. ಅಷ್ಟರಲ್ಲಿ ಆ ಸೋಮವಾರ ಮೇಜಿನ ಮೇಲೆ ಜಾರಿದ್ದ ನಾಲಿಗೆ ಕಣ್ಣ ಮುಂದೆ ಬಂತು. ಹೋಟೆಲಿನವನು ಕಾಫಿ ಲೋಟವನ್ನು ನನ್ನ ಮುಂದಿಟ್ಟು, ಬೋಂಡದ ಚೂರೊಂದನ್ನು ಅದರತ್ತ ಎಸೆಯಲು ಕೈ ಎತ್ತಿದ್ದ.

"ಹಾಕ್ಬೇಡಪ್ಪ" ಎಂದೆ. "ಅದು ನಮ್ಮ ನಾಯಿ."

ಅವನ ಕೈ ಗಾಳಿಯಲ್ಲೇ ನಿಂತಿತು. ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದ. ಆಮೇಲೆ ನನ್ನ ಮುಂದಿದ್ದ ಕಾಫಿ ಲೋಟವನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡ.

"ಹಂಗಾದ್ರೆ ರೈಟ್ರು ನೀವೇನಾ? ಒಂದ್ ಚೂರು ತಾನೇ ಅಂತ ಹಾಕಕ್ಕೋಗಿದ್ದೆ. ನೆನ್ನೆ ಆ ಬಿಲ್ಲೆಲಿರೋ ನಂಬ್ರಿಗೆ ಫೋನ್ ಮಾಡಿದ್ದೆ ಕಣ್ರೀ. ನಾಯಿಗೆ ಏನೂ ಕೊಡ್ಬೇಡಿ, ನಾಳೆನೋ ನಾಡಿದ್ದೋ ಅದ್ರ ಹಿಂದೆ ಒಬ್ರು ಬತ್ತಾರೆ, ಅವ್ರಿಗೂ ಕೊಡ್ಬೇಡಿ ಅಂದ್ರು ನಿಮ್ಮನೆಯವ್ರು."